ಮಳೆಗಾಲದಲ್ಲಿ ಎಂತ ತಿಂಬುದು?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆ ಹುಡುಗಿ, ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದ್ತಾ ಇದೀನಿ. ಅಂಕೋಲಾ ಹತ್ರ ಒಂದು ಮೀನುಗಾರರ ಊರಲ್ಲಿ ಮೂರು ತಿಂಗಳು ಆರೋಗ್ಯ ಶಿಕ್ಷಣದ ಇಂಟರ್ನ್‌ಶಿಪ್ ಮಾಡಿದ್ದೆ, ಅದರ ಕತೆ ಹೇಳ್ತೀನಿ. ಕೆಲಸ ಅಂದ್ರೆ ಆಶಾ ಅಕ್ಕನ ಜೊತೆ ಮನೆಮನೆ ತಿರುಗೋದು, ಬಿಪಿ ನೋಡೋದು, ಅಂಗನವಾಡಿಲಿ ಹೆಂಗಸರನ್ನ ಕೂರಿಸ್ಕೊಂಡು ನಾಕು ಮಾತಾಡೋದು. ಆಶಾ ಯೋಜನೆ 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದಿದ್ದು, ಸಾವಿರ ಜನಕ್ಕೆ ಒಬ್ರು ಅನ್ನೋ ಲೆಕ್ಕ, ಆದ್ರೆ ನಮ್ಮ ಅಕ್ಕನಿಗೆ ಆ ಸಾವಿರ ಜನರ ಜಾತಕನೂ ಗೊತ್ತು, ಯಾರು ಬಿಪಿ ಮಾತ್ರೆ ನುಂಗದೆ ದಿಂಬಿನಡಿ ಇಡ್ತಾರೆ ಅನ್ನೋದೂ ಸೇರಿ.

ಮೊದಲ ವಾರನೇ ನನ್ನ ಮಾನ ಹೋಯ್ತು. ಬಿಸಿಲಲ್ಲಿ ಮೀನು ಬುಟ್ಟಿ ಹೊತ್ತು ಮಾರಿ ಬಂದ ಅಮ್ಮ ಒಬ್ರನ್ನ ಬುಟ್ಟಿ ಇಳಿಸಿದ್ದೇ ತಡ ಜಗಲಿ ಮೇಲೆ ಕೂರಿಸಿ ತೋಳಿಗೆ ಬಿಪಿ ಪಟ್ಟಿ ಸುತ್ತಿಬಿಟ್ಟೆ, ಮೇಲಿನ ನಂಬರ್ 168 ಬಂತು, ನಾನು ಗಾಬರಿ ಮುಖ ಮಾಡಿ "ಅಮ್ಮಾ, ತುಂಬಾ ಜಾಸ್ತಿ ಇದೆ" ಅಂದೆ, ಪಾಪ ಅವರು ಅಲ್ಲೇ ಬೆವತ್ರು. ನರ್ಸ್ ಸಿಸ್ಟರ್ ಬಂದ್ರು, ಬೆನ್ನು ಆನಿಸಿ ಕೂರಿಸಿ, ಕಾಲು ನೆಲಕ್ಕೆ ಊರಿಸಿ, ಕೈ ಎದೆ ಮಟ್ಟಕ್ಕೆ ಇಡಿಸಿ, ಐದು ನಿಮಿಷ ಮಾತಾಡಿಸ್ದೇ ಬಿಟ್ಟು ಮತ್ತೆ ನೋಡಿದ್ರೆ 138. ಬೈದಿದ್ದು ಮಾತ್ರ ಆಮೇಲೆ, ದಾರೀಲಿ.

ಇನ್ನು ಉಪ್ಪಿನ ಕತೆ. ದಿನಕ್ಕೆ ಒಬ್ಬರಿಗೆ ಐದು ಗ್ರಾಂಗಿಂತ ಕಮ್ಮಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಂದ್ರೆ ಹೆಚ್ಚುಕಮ್ಮಿ ಒಂದು ಟೀ ಚಮಚ. ನಾನು ಚಂದದ ಚಾರ್ಟ್ ಬರ್ಕೊಂಡು ಹೋಗಿದ್ದೆ, ಅದರಲ್ಲಿ ಒಣಮೀನಿನ ಚಿತ್ರಕ್ಕೆ ಕೆಂಪು ಇಂಟು ಮಾರ್ಕು. ನಮ್ಮನೇಲಿ ಮೀನೇ ತರಲ್ಲ, ನಾನು ಒಣಮೀನು ಬಿಡಿ ಅಂತ ಹೇಳೋದು ಎಷ್ಟು ಸಲೀಸು ನೋಡಿ. ಹಿಂದೆ ಕೂತಿದ್ದ ಅಜ್ಜಿ ಒಬ್ರು ಕೇಳಿದ್ರು, "ಅಲ್ಲ ತಂಗೀ, ಮಳೆಗಾಲದಲ್ಲಿ ಎಂತ ತಿಂಬುದು?"

ಜೂನ್ 1ರಿಂದ ಜುಲೈ 31 ಸರ್ಕಾರದ ಮೀನುಗಾರಿಕೆ ನಿಷೇಧ, ಅರವತ್ತೊಂದು ದಿನ ಯಾಂತ್ರಿಕ ಬೋಟು ಇಳಿಯಲ್ಲ, ದುಡ್ಡೂ ಬರಲ್ಲ, ಬೇಸಿಗೇಲಿ ಉಪ್ಪು ಹಾಕಿ ಒಣಗಿಸಿಟ್ಟ ಬಂಗಡೆ, ಶೆಟ್ಲಿನೇ (ಸೀಗಡಿ) ಗಂಜಿಗೆ ಗತಿ. ನನ್ನ ಹತ್ರ ಉತ್ತರ ಇರ್ಲಿಲ್ಲ. ಸುಮ್ನೆ ಒಂದು ಚಮಚ ಸಾಣಿಕಟ್ಟಾ ಉಪ್ಪನ್ನ ಪೇಪರ್ ಮೇಲೆ ಸುರಿದೆ, ಇಡೀ ದಿನಕ್ಕೆ ಇಷ್ಟೇ ಅಂತ. ನಗು ಶುರುವಾಯ್ತು, ಆಮೇಲೆ ಅವರವರಲ್ಲೇ ಚರ್ಚೆ. ಕೊನೆಗೆ ದಾರಿ ಹೇಳಿದ್ದು ಅದೇ ಅಜ್ಜಿ: ಮೀನನ್ನ ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೊಂದು ನೀರು ಹಾಕಿ ಅದನ್ನೂ ಚೆಲ್ಲಿ ಆಮೇಲೆ ಸಾರು ಮಾಡೋದು, ಸಾರಿಗೆ ಬೇರೆ ಉಪ್ಪು ಬೇಡ, ಗಂಜಿಗಂತೂ ಬೇಡವೇ ಬೇಡ. ಇದರಿಂದ ಉಪ್ಪೆಲ್ಲ ಹೋಗಲ್ಲ, ಆದ್ರೆ ಒಂದಿಷ್ಟು ಹೋಗತ್ತೆ. ಮನೆಗೆ ಬಂದು ಇಂಟು ಮಾರ್ಕಿನ ಮೇಲೆ ಬಿಳಿ ಕಾಗದ ಅಂಟಿಸಿ ಎರಡು ಪಾತ್ರೆ ನೀರಿನ ಚಿತ್ರ ಬರೆದೆ.

ನಮ್ಮ ಘಟ್ಟದ ಮೇಲೂ ಇದೇ ಹಾಡು. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, ಉಣುಗಿನಿಂದ ಬರೋದು, ಸಿದ್ದಾಪುರದವರಿಗೆ ಹೇಳ್ಬೇಕಾಗಿಲ್ಲ. ಅಲ್ಲಿ ಹೋಗಿ ಕಾಡಿಗೆ ಹೋಗ್ಬೇಡಿ ಅಂದ್ರೆ ಯಾರು ಕೇಳ್ತಾರೆ, ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು (ಒಣಗಿದ ಎಲೆ) ಬೇಕು. ಹೋಗೋ ಮುಂಚೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಕೊಳ್ಳಿ, ಬಂದ್ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಸತ್ತ ಮಂಗ ಕಂಡ್ರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ ಅಂದ್ರೆ ಕೇಳ್ತಾರೆ.

ಇಂಟರ್ನ್‌ಶಿಪ್ ಮುಗಿಸಿ ಊರಿಗೆ ಬಂದವಳು ಊಟಕ್ಕೆ ಕೂತಾಗ ನೋಡ್ತೀನಿ, ಬಿಪಿ ಮಾತ್ರೆ ತಗೊಳ್ಳೋ ಅಪ್ಪನ ತಟ್ಟೇಲಿ ಎರಡು ಅಪ್ಪೆಮಿಡಿ ಉಪ್ಪಿನಕಾಯಿ, ಮೇಲಿಂದ ಅದರ ರಸ ಬೇರೆ. ಬಾಯ್ಬಿಟ್ಟೆ. ಆಯಿ (ನಮ್ಮ ಕಡೆ ಅಮ್ಮನಿಗೆ ಹೀಗಂತೀವಿ) ಸೌಟು ಹಿಡ್ಕೊಂಡೇ ಕೇಳಿದ್ಳು, "ಅಲ್ಲಿ ಮೀನಿನ ನೀರು ಚೆಲ್ಲಿ ಅಂದ್ಯಲೇ, ಮಿಡಿಗೆ ಎಂತ ಮಾಡ್ತೆ ಹೇಳು?" ಭರಣಿ ಈಗ ಅಟ್ಟದ ಮೇಲಿದೆ. ಅಪ್ಪನಿಗೆ ಒಂದೇ ಮಿಡಿ, ಅದೂ ರಸ ಹಿಂಡಿ ಅಂತ ಒಪ್ಪಂದ ಆಗಿದೆ, ಏಣಿ ಎಲ್ಲಿದೆ ಅನ್ನೋದು ಮಾತ್ರ ಅಪ್ಪನಿಗೂ ಗೊತ್ತು. ನಮಸ್ಕಾರ.