ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಸವನಗುಡಿಯಲ್ಲಿ ಭಾನುವಾರಗಳಂದು ನಾನು ನಡೆಸುವ ನಾಟಕ ತರಗತಿಗೆ ಬರುವ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ತನ್ನ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ತೋರಿಸಿದಳು. ಹಿಂದಿನ ರಾತ್ರಿ ತಂದೆಯೊಡನೆ ಜಗಳವಾಡಿ ಬರೆದ ಸಂಭಾಷಣೆ ಅದು. ಮೊದಲ ನಾಲ್ಕು ಸಾಲುಗಳನ್ನು ಹಾಳೆ ಹರಿಯುವಂತೆ ಒತ್ತಿ ಹೊಡೆದುಹಾಕಿದ್ದಳು. ಐದನೆಯ ಸಾಲಿನಿಂದ ಮಾತು ಮಗಳದಾಗಿರಲಿಲ್ಲ, ತಂದೆಯದಾಗಿತ್ತು.

ಈ ವಯಸ್ಸಿನಲ್ಲಿ ಭಾವ ಉಕ್ಕುವುದಕ್ಕೆ ಮಿದುಳಿನ ಬೆಳವಣಿಗೆಯಲ್ಲೇ ಕಾರಣವಿದೆ. ಆಸೆ, ಭಯ, ಸಂತೋಷಗಳಿಗೆ ಮಿಡಿಯುವ ಒಳಭಾಗಗಳು ಹದಿಹರೆಯದಲ್ಲೇ ಚುರುಕಾಗುತ್ತವೆ. ಅವನ್ನು ತಡೆದು ತೂಗಿನೋಡುವ, ಹಣೆಯ ಹಿಂದಿನ ಭಾಗ ಪೂರ್ತಿ ಮಾಗುವಷ್ಟರಲ್ಲಿ ಸುಮಾರು 25 ವರ್ಷವಾಗುತ್ತದೆ.

ಭಾವವು ಕಲ್ಪನೆಯನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಮನೋವಿಜ್ಞಾನಿ ಆಲಿಸ್ ಐಸೆನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಇಷ್ಟ. ಕಾಲೇಜು ವಿದ್ಯಾರ್ಥಿಗಳಿಗೆ ಮೇಣದಬತ್ತಿ, ಬೆಂಕಿಕಡ್ಡಿ ಮತ್ತು ಒಂದು ಡಬ್ಬಿ ಡ್ರಾಯಿಂಗ್ ಪಿನ್ನುಗಳನ್ನು ಕೊಟ್ಟು, ಮೇಣ ಕೆಳಕ್ಕೆ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಲು ಹೇಳಿದರು. ಪಿನ್ನುಗಳನ್ನು ಸುರಿದು, ಖಾಲಿ ಡಬ್ಬಿಯನ್ನೇ ಗೋಡೆಗೆ ಚುಚ್ಚಿ ಅದರ ಮೇಲೆ ಬತ್ತಿ ಇಡಬೇಕೆಂಬುದು ಮೊದಲೇ ಹಾಸ್ಯದ ಚಿತ್ರ ನೋಡಿ ನಕ್ಕಿದ್ದವರಲ್ಲಿ ಹೆಚ್ಚು ಮಂದಿಗೆ ಹೊಳೆಯಿತು.

ಹಾಗೆಂದು ಸಂತೋಷವೊಂದೇ ಸಾಕೆನ್ನಲಾಗದು. ನೆದರ್ಲೆಂಡ್ಸ್‌ನ ಸಂಶೋಧಕರು 2008ರಲ್ಲಿ ಕಂಡುಕೊಂಡಂತೆ, ಮನಸ್ಸನ್ನು ಎಬ್ಬಿಸುವ ಭಾವಗಳೆಲ್ಲ ಹೊಸ ಆಲೋಚನೆಗೆ ಇಂಬು ಕೊಡುತ್ತವೆ. ಹಿಗ್ಗಿದ ಮನಸ್ಸು ದಿಕ್ಕಿನಿಂದ ದಿಕ್ಕಿಗೆ ಜಿಗಿದರೆ, ಕೆರಳಿದ ಮನಸ್ಸು ಒಂದೇ ವಿಷಯವನ್ನು ಹಿಡಿದು ಆಳಕ್ಕೆ ಅಗೆಯುತ್ತದೆ. ಆದ್ದರಿಂದಲೇ ಮಕ್ಕಳ ಸಿಟ್ಟಿಗಿಂತ ಅವರ ಮಂಕು ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ. ಸಿಇಟಿ, ನೀಟ್ ತಯಾರಿಯ ತಿಂಗಳುಗಳಲ್ಲಿ ಬೆಳಿಗ್ಗೆ ಐದಕ್ಕೆದ್ದು ಬಸ್ಸು ಹಿಡಿಯುವ ಮಕ್ಕಳ ಮುಖದಲ್ಲಿ ನಾನು ಅದನ್ನು ಕಂಡಿದ್ದೇನೆ. ನೋವೇ ಕಲೆಯ ತಾಯಿ ಎಂದು ಹೇಳಿ ಅದನ್ನು ಹಾಗೆಯೇ ಬಿಡುವುದು ತಪ್ಪು. ವಾರಗಟ್ಟಲೆ ಮಂಕು ಹರಿಯದಿದ್ದರೆ ನೆರವು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗಿ, "ಮೇಡಂ, ಚೆನ್ನಾಗಿದೆಯೇ?" ಎಂದು ಕೇಳಿದಳು. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. "ಇಷ್ಟಾದ ಮೇಲೆ ಅಪ್ಪ ಏನು ಹೇಳುತ್ತಾರೆ?" ಎಂದೆ. ಅವಳು ನೋಟ್‌ಬುಕ್ಕನ್ನು ವಾಪಸು ತೆಗೆದುಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆಯತೊಡಗಿದಳು.