ಗಡ್ಡೆಯ ಒಳಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು

ಎಲ್ಲರಿಗೂ ಶರಣು ಶರಣಾರ್ಥಿ.

ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ನಮ್ಮ ಕಲಬುರಗಿಯಲ್ಲೇ ಇದೆ. ನಿಮ್ಮಲ್ಲಿ ಕೆಲವರು ಮನೆಯವರನ್ನು ಕರೆದುಕೊಂಡು ಅಲ್ಲಿಗೆ ಹೋಗಿರಬಹುದು. ಆಪರೇಷನ್, ಕೀಮೋ, ಕರೆಂಟು ಕೊಡುವುದು, ಇವೆಲ್ಲ ನಿಮ್ಮ ಕಿವಿಗೆ ಬಿದ್ದಿವೆ. ಆದರೆ ಗಡ್ಡೆಯ ಒಂದೊಂದು ಜೀವಕೋಶದ ಒಳಗೆ ಏನು ನಡೆಯುತ್ತದೆ? ಅದನ್ನು ತಿಳಿಯುವ ಹಕ್ಕು ರೋಗಿಗೂ ಇದೆ, ಮನೆಯವರಿಗೂ ಇದೆ ಅಂತ ನಾನು ನಂಬಿದ್ದೇನೆ.

ಡಿಎನ್‌ಎ ಇರುವುದು ಕೋಶಕೇಂದ್ರದಲ್ಲಿ. ಮನುಷ್ಯನಲ್ಲಿ ಸುಮಾರು 20,000 ಜೀನ್‌ಗಳಿವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅಂತ ನಿಯಂತ್ರಿಸುವ ಪ್ರೋಟೀನ್‌ಗಳು ಸುಮಾರು 1,600. ಇವು ತಯಾರಾಗುವುದು ಕೋಶಕೇಂದ್ರದ ಹೊರಗೆ, ಇವುಗಳ ಕೆಲಸ ಇರುವುದು ಒಳಗೆ. ಹಳೇ ಊರಿನ ಅಗಸಿ ಇದ್ದಂತೆ, ಕೋಶಕೇಂದ್ರದ ಗೋಡೆಯಲ್ಲೂ ಬಾಗಿಲುಗಳಿವೆ. ಸಣ್ಣ ಅಣುಗಳು ಸಲೀಸಾಗಿ ನುಸುಳುತ್ತವೆ. ದೊಡ್ಡ ಪ್ರೋಟೀನ್ ಆದರೆ ಅದರ ಮೈಮೇಲೆ ಗುರುತು ಬೇಕು. ಆ ಗುರುತು ನೋಡಿ ಒಳಗೆ ಒಯ್ಯುವುದು ಇಂಪೋರ್ಟಿನ್, ಹೊರಗೆ ಒಯ್ಯುವುದು ಎಕ್ಸ್‌ಪೋರ್ಟಿನ್.

ಕ್ಯಾನ್ಸರ್ ಕೋಶ ಕೈ ಹಾಕುವುದು ಇಲ್ಲೇ. ಪಿ53 ಅನ್ನುವ ಪ್ರೋಟೀನ್ ತೆಗೆದುಕೊಳ್ಳಿ. 1979ರಲ್ಲಿ ಪತ್ತೆಯಾಯಿತು. ಡಿಎನ್‌ಎಗೆ ಪೆಟ್ಟು ಬಿದ್ದರೆ ಇದು ಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ. ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಈ ಪಿ53ರ ಜೀನ್ ಕೆಟ್ಟಿರುತ್ತದೆ. ಉಳಿದವುಗಳಲ್ಲಿ? ನನಗೆ ತುಂಬಾ ಮುಖ್ಯ ಅನಿಸುವುದು ಈ ಉಳಿದವು. ಅಲ್ಲಿ ಎಷ್ಟೋ ಸಲ ಪಿ53 ಚೆನ್ನಾಗಿಯೇ ಇರುತ್ತದೆ, ಆದರೆ ಕೆಲಸ ಮಾಡಲು ಬಿಡುವುದಿಲ್ಲ. ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ಅದಕ್ಕೆ ಯುಬಿಕ್ವಿಟಿನ್ ಅನ್ನುವ, ನಾಶ ಮಾಡಿ ಅಂತ ಹೇಳುವ ಗುರುತು ಅಂಟಿಸುತ್ತದೆ. ಆಮೇಲೆ ಅದು ಕೋಶಕೇಂದ್ರದಿಂದ ಹೊರಬಿದ್ದು ನಾಶವಾಗುತ್ತದೆ. ಆರೋಗ್ಯವಂತ ಕೋಶದಲ್ಲೂ ಎಂಡಿಎಂ2 ಇದೆ, ಅಳತೆಯಲ್ಲಿದೆ. ಕೆಲವು ಗಡ್ಡೆಗಳು ಅದನ್ನು ವಿಪರೀತ ಜಾಸ್ತಿ ಮಾಡಿಕೊಳ್ಳುತ್ತವೆ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಪಿ53ಯನ್ನು ನಾಶ ಮಾಡಿಸುವ ಕೆಲಸ ಮಾಡುವುದು ಎಚ್‌ಪಿವಿ ವೈರಸ್‌ನ ಇ6 ಪ್ರೋಟೀನ್. ನಮ್ಮ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ ಅಂತ ನಾನು ಹೋದಲ್ಲೆಲ್ಲ ಕೇಳಿಕೊಳ್ಳುವುದು ಇದಕ್ಕೇ.

ಇನ್ನು ಕೆಲವು ಪ್ರೋಟೀನ್‌ಗಳ ಕಥೆ ಉಲ್ಟಾ. ಎನ್‌ಎಫ್-ಕಪ್ಪಾ-ಬಿ ಅಂತ ಒಂದಿದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದರು. ಸಾಮಾನ್ಯವಾಗಿ ಇದನ್ನು ಐ-ಕಪ್ಪಾ-ಬಿ ಅನ್ನುವ ಇನ್ನೊಂದು ಪ್ರೋಟೀನ್ ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ. ಸೋಂಕೋ ಗಾಯವೋ ಆದಾಗ ಹಿಡಿತ ಬಿಡುತ್ತದೆ, ಇದು ಒಳಗೆ ಹೋಗಿ ಉರಿಯೂತದ ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲಸ ಮುಗಿದ ಮೇಲೆ ಮರಳುತ್ತದೆ. ಬಾಯಿ ಕ್ಯಾನ್ಸರ್‌ನಲ್ಲಿ ಇದು ಒಳಗೇ ಬೀಡುಬಿಟ್ಟಿರುವುದು ಎಷ್ಟೋ ಸಲ ಕಂಡುಬಂದಿದೆ. ಸಾಯಬೇಕಾದ ಕೋಶ ಸಾಯದೆ ಬೆಳೆಯುತ್ತಲೇ ಹೋಗುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆದರೂ ಹುಡುಗರ ದವಡೆಯಲ್ಲಿ ತಂಬಾಕು ಇದೆ ಅಲ್ವಾ? ನೋಡಿದಾಗ ಸಂಕಟವಾಗುತ್ತದೆ.

ಬೀಟಾ-ಕೆಟೆನಿನ್ ಅನ್ನುವ ಪ್ರೋಟೀನ್ ಕೂಡ ಹಾಗೆಯೇ. ಎಪಿಸಿ ಅನ್ನುವ ಜೀನ್ ಕೆಟ್ಟರೆ ಈ ಪ್ರೋಟೀನ್ ಕೋಶದಲ್ಲಿ ನಾಶವಾಗದೆ ಉಳಿದು ಒಳಗೆ ಹೋಗುತ್ತದೆ. ದೊಡ್ಡ ಕರುಳಿನ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಹೀಗಾಗುತ್ತದೆ. ಬಯಾಪ್ಸಿ ಚೂರಿಗೆ ಬಣ್ಣ ಹಾಕಿ ನೋಡಿದರೆ, ಕೋಶದ ಅಂಚಿನಲ್ಲಿರಬೇಕಾದ, ಈ ಪ್ರೋಟೀನ್ ತೋರಿಸುವ ಕಂದು ಬಣ್ಣ ಕೋಶಕೇಂದ್ರದಲ್ಲಿ ಕಾಣಬಹುದು. ಪ್ರೋಟೀನ್ ಇದೆಯೋ ಇಲ್ಲವೋ ಅಂತ ಕೇಳಿದರೆ ಸಾಲದು, ಎಲ್ಲಿದೆ ಅಂತಲೂ ಕೇಳಬೇಕು.

ಹಾಗಾದರೆ ಬಾಗಿಲಲ್ಲೇ ತಡೆಯಬಹುದೇ? ತಡೆಯುವ ಔಷಧಿ ಬಂದಿದೆ. ಸೆಲಿನೆಕ್ಸಾರ್ ಅನ್ನುವ ಮಾತ್ರೆ ಎಕ್ಸ್‌ಪೋರ್ಟಿನ್-1ನ್ನು ಕಟ್ಟಿಹಾಕುತ್ತದೆ. ಆಗ ಪಿ53ನಂಥ ಪ್ರೋಟೀನ್‌ಗಳು ಒಳಗೇ ಉಳಿಯುತ್ತವೆ. ಮಲ್ಟಿಪಲ್ ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರ್‌ಗೆ 2019ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ಆದರೆ ಆರೋಗ್ಯವಂತ ಕೋಶಗಳೂ ಅದೇ ಎಕ್ಸ್‌ಪೋರ್ಟಿನ್ ಬಳಸುತ್ತವೆ. ಹಾಗಾಗಿ ವಾಕರಿಕೆ ಬರುತ್ತದೆ, ಊಟ ಸೇರುವುದಿಲ್ಲ, ಪ್ಲೇಟ್‌ಲೆಟ್ ಇಳಿಯುತ್ತದೆ. ಡೋಸ್ ಇಳಿಸಿ, ಬೇರೆ ಔಷಧಿಗಳ ಜೊತೆ ವಾರಕ್ಕೊಂದೇ ಸಲ ಕೊಡುವ ಪದ್ಧತಿಯೂ ಈಗ ಬಂದಿದೆ.