ನಮ್ಮ ಹಾಡು ನಮಗೇ ಯಾಕೆ ಸರಿಯಾಗಿ ಕೇಳಿಸಲ್ಲ?

[ತಂಬೂರಿ ನಾದ, ಹತ್ತು ಸೆಕೆಂಡ್. ನಿಧಾನವಾಗಿ ಕಡಿಮೆ.]

ನಮಸ್ಕಾರ. ಹೋದ ತಿಂಗಳು ಧಾರವಾಡದ ಲೈನ್ ಬಜಾರ್‌ನಲ್ಲಿ ಪೇಡೆ ತಗೊಳ್ಳೋಕೆ ನಿಂತಿದ್ದೆ. ಹಿಂದಿನಿಂದ ಒಬ್ಬ ಹುಡುಗ, "ಅಣ್ಣಾರ, ನಿಮ್ಮ ವಿಡಿಯೋ ನೋಡ್ತೀನ್ರಿ" ಅಂದ. ಖುಷಿ ಆಯಿತು. ಆಮೇಲೆ ಒಂದು ಪ್ರಶ್ನೆ ಕೇಳಿದ.

"ಗದಗಿನ್ಯಾಗ ಮೂರು ವರ್ಷದಿಂದ ಸಂಗೀತ ಕಲಿಯಾಕತ್ತೀನ್ರಿ. ಅವ್ವ ಭಾಳ ಛಲೋ ಹಾಡ್ತಿ ಅಂತಾಳ. ಗೆಳ್ಯಾರು ಬೆಂಕಿ ಅಂತಾರ. ಗುರುಗಳು 'ಹ್ಞೂಂ, ಮತ್ತೊಮ್ಮೆ' ಅಂತಾರ, ಅಷ್ಟ. ಖರೇನ ನಾ ಹೆಂಗ ಹಾಡ್ತೀನಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ?"

ಸುಲಭ ಅಲ್ವಾ? ಫೋನಲ್ಲಿ ರೆಕಾರ್ಡ್ ಮಾಡಿ ಕೇಳು ಅಂದೆ.

"ಕೇಳೀನ್ರಿ. ಕೇಳಿದ ಮ್ಯಾಲೆ ಒಂದು ವಾರ ಹಾಡಲಿಲ್ಲ."

ಕಾಲು ಕಿಲೋ ಪೇಡೆ ಖಾಲಿಯಾಯಿತು, ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಇದೆ.

ಈಗ ನೀವು ಒಂದು ಕೆಲಸ ಮಾಡಿ. ಬಸ್ಸಲ್ಲಿದ್ದರೆ ಪಕ್ಕದವರಿಗೆ ಮೊದಲೇ ಹೇಳಿಬಿಡಿ. ಎರಡೂ ಕಿವಿಗೆ ಬೆರಳಿಟ್ಟುಕೊಂಡು "ಮ್ಮ್ಮ್" ಅನ್ನಿ.

[ನಿರೂಪಕ ಮಾಡಿ ತೋರಿಸುತ್ತಾನೆ. ಬಾಗಿಲ ಹತ್ತಿರ ಬೆಕ್ಕು ತಿರುಗಿ ನೋಡುತ್ತದೆ. ಇದನ್ನು ಕತ್ತರಿಸಬೇಡಿ.]

ಕಿವಿ ಮುಚ್ಚಿದರೆ ದನಿ ಕಡಿಮೆ ಆಗಬೇಕಿತ್ತು. ಜಾಸ್ತಿ ಆಯಿತು! ದೇವಸ್ಥಾನದ ಗಂಟೆಯೊಳಗೆ ಕೂತ ಹಾಗೆ. ಯಾಕೆಂದರೆ ನಮ್ಮ ದನಿ ನಮಗೆ ಎರಡು ದಾರಿಯಿಂದ ಬರುತ್ತದೆ. ಒಂದು, ಬಾಯಿಂದ ಗಾಳಿಗೆ, ಗಾಳಿಯಿಂದ ಕಿವಿಗೆ. ಇನ್ನೊಂದು ಒಳದಾರಿ: ತಲೆಬುರುಡೆಯ ಮೂಳೆ ನಡುಗಿ ಸೀದಾ ಒಳಗಿವಿಗೆ. ಈ ಒಳದಾರಿಯಲ್ಲಿ ಕೆಳಗಿನ, ತುಂಬು ನಾದ ಚೆನ್ನಾಗಿ ಹರಿಯುತ್ತದೆ. ಹಾಗಾಗಿ ನಮ್ಮ ಕಿವಿಗೆ ನಾವೆಲ್ಲ ಭೀಮಸೇನ ಜೋಶಿ. ಫೋನಿಗೆ ನಮ್ಮ ಮೂಳೆ ಎಲ್ಲಿ ಸಿಗಬೇಕು? ಅದಕ್ಕೆ ಗಾಳಿಯ ದನಿ ಮಾತ್ರ ಸಿಗುತ್ತದೆ. ಅದಕ್ಕೇ ರೆಕಾರ್ಡಿಂಗ್ ತೆಳ್ಳಗೆ ಕೇಳಿಸುತ್ತದೆ, ಯಾರೋ ಬೇರೆಯವರು ಹಾಡಿದ ಹಾಗೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡ್ಕೊಳ್ಳಿ. ಮೂಳೆ ಬದಲಿಸೋದು ದನಿಯ ಬಣ್ಣವನ್ನು, ಶ್ರುತಿಯನ್ನಲ್ಲ. ನೀವು ಹಾಡಿದ 'ಸಾ' ಒಳಗೂ ಅದೇ, ಹೊರಗೂ ಅದೇ. ಗದಗಿನ ಹುಡುಗ ಬೇಜಾರಾಗಿದ್ದು ಬಣ್ಣ ಕೇಳಿ. ಅದು ತಪ್ಪೇ ಅಲ್ಲ, ಬರೀ ಅಪರಿಚಿತ. ಆ ಬೇಜಾರಲ್ಲಿ ಶ್ರುತಿ ಎಲ್ಲಿ ಇಳಿದಿದೆ, ಲಯ ಎಲ್ಲಿ ಓಡಿದೆ ಅಂತ ಅವನು ಕೇಳಲೇ ಇಲ್ಲ.

ಬಣ್ಣದ ಮಾತಿಗೆ ನಮ್ಮ ಹುಬ್ಬಳ್ಳಿಯ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್‌ರನ್ನು ಬಿಟ್ಟು ಮುಂದೆ ಹೋಗೋಕೆ ಆಗಲ್ಲ. 1930ರ ದಶಕದಲ್ಲಿ ಅವರ ರೆಕಾರ್ಡುಗಳು 'ಗಾಂಧಾರಿ' ಅನ್ನೋ ಹೆಸರಲ್ಲಿ ಬಂದವು. ಅವುಗಳಲ್ಲಿ ಎತ್ತರದ ತೆಳು ದನಿ. ಆಮೇಲೆ ಟಾನ್ಸಿಲ್ ಶಸ್ತ್ರಚಿಕಿತ್ಸೆ ಆಯಿತು, ದನಿ ಭಾರ ಆಯಿತು. ಇವತ್ತು ಹೆಸರು ಹೇಳದೆ ಕೇಳಿಸಿದರೆ ಎಷ್ಟೋ ಜನ ಗಂಡು ದನಿ ಅಂತಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ಒಬ್ಬರೇ ಅಂದರೆ ನಂಬೋಕಾಗಲ್ಲ. ಹಳೇ ದನಿ ವಾಪಸ್ ಬರಲಿ ಅಂತ ಕಾದಿದ್ದರೆ ಅಲ್ಲಿಗೆ ಮುಗೀತಿತ್ತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿ ಸವಾಯಿ ಗಂಧರ್ವರ ಹತ್ತಿರ ಕಲಿತಾಕೆ ಇದ್ದ ದನಿಯಲ್ಲೇ ಸ್ವರ ಹಚ್ಚಿದರು. ಆ ನಿಂತ ಸ್ವರ ಇದೆಯಲ್ಲ, ಗೋಡೆಗೆ ಮೊಳೆ ಹೊಡೆದ ಹಾಗೆ. ಅಲ್ಲಾಡಲ್ಲ.

ಈಗ ನನ್ನ ಮಾನ ಹೋಗುವ ಭಾಗ. ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಹಾಡಿದ್ದೆ. ಚಪ್ಪಾಳೆ ಬಿತ್ತು, ಶಾಲು ಬಿತ್ತು. ರಾತ್ರಿ ತಂಗಿ ತೆಗೆದ ವಿಡಿಯೋ ನೋಡಿದೆ. ಮೇಲಿನ 'ಸಾ' ಹತ್ತಿರ ಬಂದಾಗಲೆಲ್ಲ ಕಣ್ಣು ಮುಚ್ಚುತ್ತೇನೆ, ಕೈ ಮೇಲೆ ಹೋಗುತ್ತದೆ. ಕೈ ಮುಟ್ಟಿದೆ. ದನಿ ಮುಟ್ಟಿಲ್ಲ. ಒಂದು ಸಲ ಅಲ್ಲ, ಆರು ಸಲ. ಹಾಡುವಾಗ ಗೊತ್ತೇ ಆಗಿರಲಿಲ್ಲ. ಮನಸ್ಸು ಮುಂದಿನ ಸಾಲು, ತಬಲಾ, ಎದುರು ಕೂತ ಮಾವನ ಮುಖ, ಎಲ್ಲ ಕಡೆ ಹಂಚಿಹೋಗಿತ್ತು. ಕೈ ಎತ್ತಿದ ಖುಷಿಯನ್ನೇ ಸ್ವರ ಹತ್ತಿದ ಖುಷಿ ಅಂದುಕೊಂಡಿದ್ದೆ.

[ಪರದೆ: ಆ ವಿಡಿಯೋ, ಎಂಟು ಸೆಕೆಂಡ್. ಸಾಕು.]

ಹಾಗಾದರೆ ಹೇಗೆ ಕೇಳಬೇಕು? ಹಾಡಿದ ತಕ್ಷಣ ಬೇಡ. ಆಗ ಕಿವಿ ಹಾಡಿದ್ದನ್ನಲ್ಲ, ಹಾಡಬೇಕು ಅಂದುಕೊಂಡಿದ್ದನ್ನು ಕೇಳುತ್ತದೆ. ನಾಲ್ಕೈದು ದಿನ ಬಿಡಿ. ಮೊದಲನೇ ಸಲ ಸುಮ್ನೆ ಕೇಳಿ, ಬಣ್ಣದ ಮೇಲಿನ ಸಿಟ್ಟೆಲ್ಲ ಅಲ್ಲೇ ಮುಗಿಸಿ. ಎರಡನೇ ಸಲ ತಂಬೂರಿ ಹಚ್ಚಿಕೊಂಡು ಶ್ರುತಿ ಮಾತ್ರ. ಮೂರನೇ ಸಲ ಕೈಯಲ್ಲಿ ತಾಳ ಹಾಕುತ್ತಾ ಲಯ ಮಾತ್ರ. ಒಂದೇ ತಪ್ಪು ಬರೆದುಕೊಳ್ಳಿ. ಹತ್ತು ಬರೆದರೆ ನಾಳೆ ತಂಬೂರಿಯ ಗವಸು ಬಿಚ್ಚಲ್ಲ, ನನಗೆ ಗೊತ್ತು.

ಟೈಮ್ ಆಗ್ತಿದೆ, ಉಳಿದಿದ್ದು ಬೇಗ. ಚಿತ್ರ ಬರೆಯೋರು ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಓರೆಯಾದ ಮೂಗು ತಾನೇ ಕಾಣುತ್ತದೆ. ಕಥೆ ಬರೆಯೋರು ಜೋರಾಗಿ ಓದಿ, ನಾಲಿಗೆ ಎಡವಿದ ಕಡೆ ವಾಕ್ಯ ಸರಿಯಿಲ್ಲ. ಇನ್ನು "ಇಷ್ಟು ವರ್ಷ ಆದಮೇಲೆ ತಪ್ಪು ಹುಡುಕಿ ಏನು ಮಾಡೋದು" ಅನ್ನೋರಿಗೆ: ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಉಸ್ತಾದ್ ಮಂಜಿಖಾನರ ಹತ್ತಿರ ಶಿಷ್ಯರಾಗಿ ಕೂತಾಗ ಮನ್ಸೂರರ ರೆಕಾರ್ಡುಗಳು ಆಗಲೇ ಬಂದಿದ್ದವು. ಹೆಸರಾದ ಗಾಯಕ ಮತ್ತೆ ಪಾಠಕ್ಕೆ ಕೂತರು. 1937ರಲ್ಲಿ ಮಂಜಿಖಾನರು ತೀರಿಕೊಂಡ ಮೇಲೆ ಆ ಗುರುವಿನ ತಮ್ಮ ಭುರ್ಜಿಖಾನರ ಹತ್ತಿರ ಮುಂದುವರಿಸಿದರು.

ಗದಗಿನ ತಮ್ಮಾ, ನೋಡ್ತಾ ಇದ್ದರೆ, ಆ ಹಳೇ ರೆಕಾರ್ಡಿಂಗ್ ಅಳಿಸಬೇಡ. ನಾನೂ ನಿನ್ನೆ ಅದೇ ಸಾಲು ಮತ್ತೆ ಹಾಡಿದ್ದೇನೆ, ಈಗ ಹಾಕ್ತೀನಿ. 'ಸಾ' ಇನ್ನೂ ಕೂದಲೆಳೆಯಷ್ಟು ಕೆಳಗೇ ಇದೆ. ಕೈ ಮಾತ್ರ ತೊಡೆ ಮೇಲಿದೆ.

[ರೆಕಾರ್ಡಿಂಗ್ ಪೂರ್ತಿ. ಕೊನೆಯಲ್ಲಿ ತಂಬೂರಿ ಮಾತ್ರ.]